ತಳಕಿನ ಮಿರ್ಚಿ ಅಂಗಡಿ ಮುಂದೆ ನಿಲ್ಲುವ ಕಾರು

ಮಂಗಳವಾರ ಬೆಳಿಗ್ಗೆ ಆ ಬಿಳಿ ಕಾರು ಚಳ್ಳಕೆರೆಯ ನನ್ನ ಗ್ಯಾರೇಜಿಗೆ ಬಂದು ನಿಂತಾಗ ಅದಕ್ಕೆ ಏನೂ ಆಗಿರಲಿಲ್ಲ. ಕಷ್ಟ ಶುರುವಾಗಿದ್ದೇ ಅಲ್ಲಿಂದ. ಕೆಟ್ಟ ಗಾಡಿಯನ್ನ ರಿಪೇರಿ ಮಾಡಬಹುದು, ಕೆಡದೇ ಇರೋ ಗಾಡಿಗೆ ಏನು ಮಾಡ್ತೀರಿ? ಬಾನೆಟ್ ಎತ್ತಿ ಕಿವಿಗೊಟ್ಟೆ. ಇಂಜಿನ್ ತಾಳ ತಪ್ಪದೆ ಓಡ್ತಿತ್ತು. ಹೊಗೆ ಇಲ್ಲ, ಅಲುಗಾಟ ಇಲ್ಲ, ಎಲ್ಲೂ ಒಂದು ಹನಿ ಆಯಿಲ್ ಸೋರಿಕೆ ಇಲ್ಲ.

“ಏನಾಗೈತಲೇ ಇದಕ್ಕೆ?” ಅಂದೆ.

ಡ್ರೈವರ್ ಇಳಿದು, ಒಳಗೆ ಮಗು ಮಲಗಿದೆಯೇನೋ ಅನ್ನೋ ಹಾಗೆ ಬಾಗಿಲನ್ನ ಮೆಲ್ಲಗೆ ಹಾಕಿದ. “ತಳಕ್ನಾಗೆ ನಿಲ್ತೈತೆ ಮೇಸ್ತ್ರಿ. ವಾರಕ್ಕೆ ಎರಡು ಸಲ ನಿಲ್ತೈತೆ. ಅಮ್ಮಾರ ಮಗ ಬೇರೆ ಕಾರು ನೋಡವ್ನೆ, ಅದನ್ನ ತಾನೇ ಓಡಿಸ್ತಾನಂತೆ. ಬರೋ ಸೋಮವಾರ ಇದನ್ನ ನೋಡಾಕೆ ಗಿರಾಕಿ ಬರ್ತಾನೆ. ಅಷ್ಟರೊಳಗೆ ಸರಿ ಹೋಗ್ಲಿಲ್ಲ ಅಂದ್ರೆ ಕಾರೂ ಹೋಗ್ತೈತೆ, ಅದರ ಹಿಂದೆ ನಾನೂ ಹೋಗ್ತೀನಿ.”

ಅಮ್ಮಾರು ಅಂದ್ರೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರದ ಒಡತಿ. ಅರವತ್ತು ದಾಟಿದೆ, ಇವತ್ತಿಗೂ ಸೀರೆ ಗಂಟು ಕಾರಲ್ಲಿಟ್ಟುಕೊಂಡು ಬೆಂಗಳೂರು, ಬಳ್ಳಾರಿ ಅಂತ ತಾವೇ ಹೋಗಿ ವ್ಯಾಪಾರ ಮುಗಿಸಿಕೊಂಡು ಬರ್ತಾರೆ. ಈ ಡ್ರೈವರ್ ಹನ್ನೊಂದು ವರ್ಷದಿಂದ ಅವರ ಸಾರಥಿ. ನನ್ನ ವಾರಿಗೆಯವನೇ, ಇಬ್ಬರೂ ಲೇ ಅಂತಲೇ ಮಾತಾಡೋದು. ಅವನ ತಾಯಿ ಮನೆಯಲ್ಲೇ ಮಗ್ಗ ಇಟ್ಟುಕೊಂಡು ಅದೇ ಅಂಗಡಿಗೆ ಸೀರೆ ನೇಯ್ತಾರೆ.

ಕಾರಿನ ವಿಷಯಕ್ಕೆ ಬಂದ್ರೆ ಅವನಿಗೆ ಮಗ್ಗಿ ಬರುತ್ತೋ ಇಲ್ಲವೋ, ಕಾರಿನ ಜೊತೆ ಬಂದ ಪುಸ್ತಕ ಮಾತ್ರ ಬಾಯಿಪಾಠ. ಟೀ ಅಂಗಡಿಯಲ್ಲಿ ಪಕ್ಕ ಕೂತವರಿಗೆಲ್ಲ ಹೇಳ್ತಾನೆ: ಎರಡು ಲೀಟರ್ ಡೀಸೆಲ್ ಇಂಜಿನ್, ನೂರಾ ನಲವತ್ತು ಕುದುರೆ ಬಲ, ಆರು ಗೇರಿನ ಆಟೋಮ್ಯಾಟಿಕ್, ಆರು ಏರ್‌ಬ್ಯಾಗ್, ಹಿಂದಿನ ಸೀಟಲ್ಲಿ ಕೂತರೆ ಮೊಣಕಾಲಿಗೂ ಮುಂದಿನ ಸೀಟಿಗೂ ಒಂದು ಗೇಣು ಜಾಗ. ದೊಡ್ಡ ಸಾಹೇಬರ ದರ್ಜೆಯ ಕಾರು ಅಂತಲೇ ಕಂಪನಿ ಅದನ್ನ ಮಾಡಿದ್ದು. ಎರಡು ಲಕ್ಷ ಅರವತ್ತು ಸಾವಿರ ಕಿಲೋಮೀಟರ್ ಓಡಿದೆ. ಅಷ್ಟರಲ್ಲಿ ನಾನು ಬದಲಾಯಿಸಿದ್ದು ಬ್ರೇಕು, ಬೆಲ್ಟು, ಬ್ಯಾಟರಿ, ಎರಡು ಸಲ ಶಾಕ್ ಅಬ್ಸಾರ್ಬರ್. ಇಂಜಿನ್ ಒಳಗೆ ಕೈ ಹಾಕಿಲ್ಲ. ಹೋದ ವರ್ಷ ಒಂದೇ ಒಂದು ಸಲ ಡೀಸೆಲ್ ಫಿಲ್ಟರ್‌ನಲ್ಲಿ ತುಕ್ಕು ಸಿಕ್ಕಿತ್ತು. ಅವತ್ತು ಡ್ರೈವರ್‌ಗೆ ಬಾಯಿಗೆ ಬಂದಂಗೆ ಬೈದು ಕಳಿಸಿದ್ದೆ. ನನಗೆ ಕೋಪ ಸ್ವಲ್ಪ ಜಾಸ್ತಿ, ಇಡೀ ಚಳ್ಳಕೆರೆಗೆ ಗೊತ್ತು.

ಈಗಿನ ಕಾಯಿಲೆ ಹೀಗೆ. ಮೊಳಕಾಲ್ಮೂರು ಬಿಟ್ಟು, ಹಾನಗಲ್ ಹತ್ತಿರ ಹೈವೇ ಹತ್ತಿ, ತೊಂಬತ್ತು ನೂರರಲ್ಲಿ ಬರ್ತಾ ಇದ್ರೆ ಬಿ.ಜಿ. ಕೆರೆ ದಾಟಿದ ಮೇಲೆ ಎಲ್ಲೋ ಒಂದು ಕಡೆ ಬಲ ಕುಸಿಯುತ್ತೆ. ಇಂಜಿನ್ ದೀಪ ಹತ್ತುತ್ತೆ. ಎಷ್ಟೇ ತುಳಿದರೂ ನಲವತ್ತರ ಮೇಲೆ ಹೋಗಲ್ಲ. ಕಾರಿನ ಕಂಪ್ಯೂಟರ್ ಏನೋ ಅಪಾಯ ಅಂತ ಹೆದರಿ ಇಂಜಿನ್ನಿನ ಕೈಕಾಲು ಕಟ್ಟಿಬಿಡುತ್ತೆ. ತೆವಳಿಕೊಂಡು ತಳಕು ಸೇರಿ, ಬಂದ್ ಮಾಡಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದ್ರೆ ಹೊಸ ಕಾರು! ಚಳ್ಳಕೆರೆವರೆಗೂ ಬಾಣದಂಗೆ ಬರುತ್ತೆ.

ಆ ಹತ್ತು ನಿಮಿಷ ಇವನು ಏನು ಮಾಡ್ತಾನೆ? ಎದುರಿಗೇ ಮಂಡಕ್ಕಿ ಮಿರ್ಚಿ ಅಂಗಡಿ. ಎರಡು ಮಿರ್ಚಿ ತಿಂದು ಟೀ ಕುಡೀತಾನೆ. ಅದೇ ಎಡವಟ್ಟಾಯ್ತು. ಅಮ್ಮಾರ ಮಗ ಹೇಳಿದ್ನಂತೆ: “ಕಾರು ಸರಿಯಾಗೇ ಐತಮ್ಮ. ನಿನ್ನ ಡ್ರೈವರ್‌ಗೆ ಮಿರ್ಚಿ ಬೇಕಾದಾಗ ಕೆಡ್ತೈತೆ ಅಷ್ಟೆ.”

ಅದನ್ನ ಹೇಳುವಾಗ ಡ್ರೈವರ್ ಮುಖ ಸಣ್ಣದಾಗಿತ್ತು. ನನಗೆ ನಗು ತಡೆಯೋಕೆ ಆಗಲಿಲ್ಲ, ಹೊಟ್ಟೆ ಹಿಡ್ಕೊಂಡು ನಕ್ಕೆ. ಅವನಿಗೂ ಕೊನೆಗೆ ನಗು ಬಂತು. “ನಗಬ್ಯಾಡಲೇ, ನನ್ನ ಕೆಲಸ ಹೋಗ್ತೈತೆ” ಅಂದ ನಗ್ತಾನೇ.

ಕಂಪ್ಯೂಟರ್ ಕೇಬಲ್ ಹಾಕಿ ನೋಡಿದೆ. ಒಂದೇ ದೂರು ಬರೆದುಕೊಂಡಿತ್ತು: ಇಂಜೆಕ್ಟರುಗಳ ಹತ್ತಿರ ಡೀಸೆಲ್ ಒತ್ತಡ ಕಮ್ಮಿ. ಈ ತರದ ಇಂಜಿನ್‌ನಲ್ಲಿ ಡೀಸೆಲ್ ಎರಡು ಹಂತದಲ್ಲಿ ಬರುತ್ತೆ. ಟ್ಯಾಂಕ್ ಒಳಗಿನ ಕರೆಂಟ್ ಪಂಪು ಅದನ್ನ ಮುಂದಕ್ಕೆ ತಳ್ಳುತ್ತೆ, ಅದು ಫಿಲ್ಟರ್ ದಾಟಿ ಬಂದ ಮೇಲೆ ಇಂಜಿನ್ ಪಕ್ಕದ ದೊಡ್ಡ ಪಂಪು ಸಾವಿರ ಸಾವಿರದೈನೂರು ಬಾರ್‌ವರೆಗೂ ಒತ್ತಿ ಇಂಜೆಕ್ಟರಿಗೆ ಕೊಡುತ್ತೆ. ಎಲ್ಲಿ ಕೊರತೆಯಾದ್ರೂ ದೂರು ಇದೇ. ಸುಲಭದ್ದು ಮೊದಲು ಅಂತ ಫಿಲ್ಟರ್ ಬದಲಾಯಿಸಿದೆ, ಒತ್ತಡ ಅಳೆಯೋ ಸೆನ್ಸಾರ್ ಬದಲಾಯಿಸಿದೆ, ವೈರಿನ ಕೊಂಡಿಗಳನ್ನೆಲ್ಲ ಬಿಚ್ಚಿ ಒರೆಸಿ ಹಾಕಿದೆ. ತಳಕಿನ ತನಕ ಓಡಿಸಿಕೊಂಡು ಹೋಗಿ ಬಂದೆ. ಏನೂ ಆಗಲಿಲ್ಲ.

“ಹೋಗಲೇ, ಅಮ್ಮಾರಿಗೆ ಹೇಳು, ಮೇಸ್ತ್ರಿ ಕೈ ಇಟ್ಟ ಅಂದ್ರೆ ಆಯ್ತು ಅಂತ” ಅಂದೆ. ಬುಧವಾರ ನಾನೇ ಜೊತೆಗೆ ಹೋಗಿ ಕಾರು ಒಪ್ಪಿಸಿದೆ. ಅಮ್ಮಾರಿಗೆ ಅವತ್ತು ಚಳ್ಳಕೆರೆಯಲ್ಲಿ ಬ್ಯಾಂಕಿನ ಕೆಲಸ ಇತ್ತು. ಬಾ, ನಿನ್ನನ್ನೂ ಬಿಟ್ಟು ಹೋಗ್ತೀವಿ ಅಂದ್ರು. ಸಲಾಮು ಹೊಡೆದು ಮುಂದಿನ ಸೀಟಲ್ಲಿ ಕೂತೆ. ದಾರಿಯುದ್ದಕ್ಕೂ ನನ್ನ ಜಂಬವೇ ಜಂಬ. ಡೀಸೆಲ್ ಇಂಜಿನ್ ಅಂದ್ರೇನು, ಸೆನ್ಸಾರ್ ಅಂದ್ರೇನು, ಶೋರೂಮಿನವರಿಗೆ ಯಾಕೆ ಗೊತ್ತಾಗಲ್ಲ, ಎಲ್ಲಾ ಅಮ್ಮಾರಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅವರು ಹೂಂ ಹೂಂ ಅಂತಿದ್ರು.

ಬಿ.ಜಿ. ಕೆರೆ ದಾಟಿತು. ದೀಪ ಹತ್ತಿತು.

ನಲವತ್ತರಲ್ಲಿ ತೆವಳ್ತಾ ತಳಕಿಗೆ ಬಂದ್ವಿ. ಎತ್ತಿನ ಗಾಡಿಯವನೊಬ್ಬ ತಿರುಗಿ ತಿರುಗಿ ನೋಡಿದ. ಕಾರು ನಿಲ್ಲೋದಕ್ಕೂ ಮಿರ್ಚಿ ಅಂಗಡಿಯವನು ಕಡಲೆಹಿಟ್ಟಲ್ಲಿ ಮೆಣಸಿನಕಾಯಿ ಅದ್ದಿ ಬಾಣಲೆಗೆ ಬಿಡೋದಕ್ಕೂ ಸರಿಹೋಯ್ತು. “ಬಂತಾ? ಎರಡು ದಿನದಿಂದ ಬಂದಿರಲಿಲ್ಲ” ಅಂದ.

ಅಮ್ಮಾರು ಹಿಂದಿನ ಸೀಟಿಂದ ಕೇಳಿದ್ರು: “ಮೇಸ್ತ್ರಿ, ನಿನಗೂ ಮಿರ್ಚಿ ಇಷ್ಟವೇನಪ್ಪ?”

ಭೂಮಿ ಬಾಯಿ ಬಿಟ್ಟಿದ್ರೆ ಸೀಟು ಸಮೇತ ಇಳಿದುಬಿಡ್ತಿದ್ದೆ. ಡ್ರೈವರ್ ಸ್ಟಿಯರಿಂಗ್ ಹಿಡ್ಕೊಂಡು ಮುಂದಕ್ಕೆ ನೋಡ್ತಾ ಇದ್ದ. ಅವನ ಕಿವಿ ಕೆಂಪಾಗಿತ್ತು. ಅಮ್ಮಾರನ್ನ ಬ್ಯಾಂಕಿನ ಹತ್ತಿರ ಇಳಿಸಿದ ಮೇಲೆ ಅವರು ಹೇಳಿದ್ದು ಇಷ್ಟೇ: “ಸೋಮವಾರದ ತನಕ ಕಾರು ನಿನ್ನ ಹತ್ರ ಇರ್ಲಿ. ನಾನು ಬಸ್ಸಿಗೆ ಹೋಗ್ತೀನಿ.” ಬೈದಿದ್ರೆ ಇಷ್ಟು ಉರೀತಿರಲಿಲ್ಲ.

ಗುರುವಾರ ಬೆಳಿಗ್ಗೆ ದಾವಣಗೆರೆಯಲ್ಲಿ ಡೀಸೆಲ್ ಪಂಪ್ ರಿಪೇರಿ ಮಾಡೋ ನನ್ನ ಗುರುಗಳಿಗೆ ಫೋನ್ ಮಾಡಿದೆ. “ದೊಡ್ಡ ಪಂಪು ಸವೆದಿರ್ತೈತೆ, ಬಿಚ್ಕೊಂಡು ಬಾ” ಅಂದ್ರು. ಶೋರೂಮಿನವರೂ ಹಿಂದೆ ಅದನ್ನೇ ಬರೆದುಕೊಟ್ಟಿದ್ರಂತೆ, ಜೊತೆಗೆ ನಾಲ್ಕೂ ಇಂಜೆಕ್ಟರ್. ಮೂಗಿಗಿಂತ ಮೂಗುತಿ ಭಾರ ಅನ್ನೋ ಲೆಕ್ಕ. ಆ ಖರ್ಚಿನ ಚೀಟಿ ನೋಡಿಯೇ ಅಮ್ಮಾರ ಮಗ ಮಾರೋಣ ಅಂದಿದ್ದು.

ಸ್ಪ್ಯಾನರ್ ತಗೊಂಡು ಪಂಪಿನ ಮೊದಲನೇ ಬೋಲ್ಟ್ ಮೇಲೆ ಇಟ್ಟೆ. ಡ್ರೈವರ್ ಪಕ್ಕದಲ್ಲಿ ನಿಂತು ನೋಡ್ತಿದ್ದ, ಆಪರೇಷನ್ ಕೋಣೆ ಮುಂದೆ ನಿಂತ ನೆಂಟರ ಹಾಗೆ. ಕೈಗೆ ಬಲ ಕೊಡೋ ಮುಂಚೆ ಒಂದು ಮಾತು ತಲೆಗೆ ಬಂತು. ಸವೆದ ಪಂಪು ಸವೆದದ್ದೇ. ಅದು ಹತ್ತು ನಿಮಿಷ ಕೂತ ತಕ್ಷಣ ವಾಸಿ ಆಗಲ್ಲ. ನನ್ನ ಮೊಣಕಾಲು ನೋವೇ ಸಾಕ್ಷಿ. ಸುಧಾರಿಸಿಕೊಂಡ ಮೇಲೆ ಸರಿಹೋಗೋದು ಅಂದ್ರೆ ಅದು ಸವೆತ ಅಲ್ಲ, ಏನೋ ಅಡ್ಡ ಬರ್ತಿದೆ, ಆಮೇಲೆ ತಾನೇ ಸರೀತಿದೆ.

ಸ್ಪ್ಯಾನರ್ ಕೆಳಗಿಟ್ಟೆ. “ಬಿಚ್ಚಲ್ಲ” ಅಂದೆ.

“ಯಾಕಲೇ? ದಾವಣಗೆರೆಯವರು ಹೇಳಿದ್ರಲ್ಲ!”

“ಅವ್ರು ಫೋನ್‌ನಾಗೆ ಹೇಳಿದ್ರು. ನಾನು ಕಣ್ಣಲ್ಲಿ ನೋಡ್ಬೇಕು. ನಡಿ, ನಿನ್ನ ಕಾರಿಗೆ ಬಿ.ಪಿ. ನೋಡೋಣ.”

ಫಿಲ್ಟರಿಗೆ ಬರೋ ಡೀಸೆಲ್ ಪೈಪನ್ನ ಮಧ್ಯದಲ್ಲಿ ಬಿಡಿಸಿ ಮೂರು ಬಾಯಿಯ ಕೊಂಡಿ ಹಾಕಿದೆ. ಅದಕ್ಕೆ ಒಂದು ಉದ್ದನೆಯ ಹೋಸ್ ಸಿಕ್ಕಿಸಿ, ಬಾನೆಟ್ ಸಂದಿಯಿಂದ ಹೊರಗೆ ಎಳೆದು, ತುದಿಗೆ ಒತ್ತಡದ ಗೇಜ್ ಕಟ್ಟಿ, ಆ ಗೇಜನ್ನ ವೈಪರಿಗೆ ಬಿಗಿದೆ. ಈಗ ಕಾರು ಓಡುವಾಗ ಮುಂದಿನ ಗಾಜಿನ ಆಚೆ ಮುಳ್ಳು ಕಾಣುತ್ತೆ. ಮೇಲಿನ ದೊಡ್ಡ ಒತ್ತಡವನ್ನ ಕಂಪ್ಯೂಟರ್ ಪರದೆ ತೋರಿಸುತ್ತೆ, ಕೆಳಗಿನ ಸಣ್ಣ ಒತ್ತಡವನ್ನ ಈ ಗೇಜು ತೋರಿಸುತ್ತೆ. ಎರಡರಲ್ಲಿ ಯಾವುದು ಮೊದಲು ಬೀಳುತ್ತೋ ಅದೇ ಕಳ್ಳ.

ಡ್ರೈವರ್ ಓಡಿಸಿದ, ನಾನು ನೋಡಿದೆ. ಮೊದಲ ಸಲ ಹಾನಗಲ್ ಆಚೆ ರಾಂಪುರದ ತನಕ ಹೋಗಿ ಬಂದ್ವಿ, ಮುಳ್ಳು ಐದು ಬಾರ್ ಹತ್ತಿರ ಕಲ್ಲಿನ ಹಾಗೆ ನಿಂತಿತ್ತು. ಕೆಡಲಿ ಅಂತ ದೇವರಿಗೆ ಬೇಡಿಕೊಂಡ ಮೆಕ್ಯಾನಿಕ್ ನಾನೊಬ್ಬನೇ ಇರಬೇಕು. ಮಧ್ಯಾಹ್ನ ಎರಡನೇ ಸಲ ಹೊರಟಾಗ ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ವಾಪಸ್ ಬರುವಾಗ ಬಿ.ಜಿ. ಕೆರೆ ದಾಟಿದ್ದೇ ತಡ, ಮುಳ್ಳು ನಡುಗಿತು. ನಾಲ್ಕು. ಮೂರು. ಒಂದೂವರೆ. ದೊಡ್ಡ ಒತ್ತಡ ಇನ್ನೂ ಗಟ್ಟಿಯಾಗಿತ್ತು. ಅದು ಬಿದ್ದಿದ್ದು ಆಮೇಲೆ. ದೀಪ ಹತ್ತಿದ್ದು ಅದರ ಆಮೇಲೆ.

“ಬಿತ್ತಲೇ! ಬಿತ್ತು!” ಅಂತ ಡ್ಯಾಶ್‌ಬೋರ್ಡ್ ಬಡಿದೆ.

“ನನ್ನ ಕಾರು ಕೆಟ್ಟು ನಿಂತ್ರೆ ನೀನು ಕುಣೀತೀಯಾ?” ಅಂದ ಡ್ರೈವರ್.

“ಪಂಪು ಗಟ್ಟಿ ಐತೆ, ಇಂಜಿನ್ನೂ ಗಟ್ಟಿ ಐತೆ. ಕಾಯಿಲೆ ಹಿಂದೆ ಟ್ಯಾಂಕಿನಾಗೆ ಐತೆ ಕಣಲೇ! ನಿಲ್ಲಿಸು, ಇವತ್ತು ಮಿರ್ಚಿ ನಂದು.”

ಶುಕ್ರವಾರ ಹಿಂದಿನ ಸೀಟು ಎತ್ತಿ, ಕೆಳಗಿನ ಮುಚ್ಚಳ ತೆಗೆದು, ಟ್ಯಾಂಕಿನ ಪಂಪನ್ನ ಹೊರಗೆ ತೆಗೆದೆ. ಅದರ ಬುಡದಲ್ಲಿ ಒಂದು ಬಲೆ ಇರುತ್ತೆ, ಜರಡಿ ಅನ್ನಿ. ಅದು ಕಟ್ಟಿಕೊಂಡಿರುತ್ತೆ ಅಂತ ನೂರಕ್ಕೆ ನೂರು ನಂಬಿದ್ದೆ. ನೋಡ್ತೀನಿ, ತೊಳೆದಿಟ್ಟ ಹಾಗೆ ಸ್ವಚ್ಛ! ಪಂಪಿಗೆ ಕರೆಂಟ್ ಕೊಟ್ಟೆ, ರಭಸವಾಗಿ ತಿರುಗಿತು. ಮತ್ತೆ ಮೊದಲಿಂದ ಶುರು ಅನ್ನೋ ಹಾಗಾಯ್ತು. ಡ್ರೈವರ್ ಬಾಗಿಲ ಹತ್ತಿರ ಹೋಗಿ ಕೂತ.

ಸಿಟ್ಟು ಬಂದು ಬೇರೆ ಏನೂ ತೋಚದೆ, ಇಡೀ ಟ್ಯಾಂಕೇ ಖಾಲಿ ಮಾಡ್ತೀನಿ ಅಂತ ಹೊರಟೆ. ಡೀಸೆಲನ್ನೆಲ್ಲ ಕ್ಯಾನಿಗೆ ಎಳೆದು, ಟಾರ್ಚ್ ಬಿಟ್ಟು ಒಳಗೆ ನೋಡಿದೆ. ಮೂಲೆಯಲ್ಲಿ ಏನೋ ಮೆತ್ತಗೆ ಕೂತಿತ್ತು. ಉದ್ದನೆ ಇಕ್ಕಳ ಹಾಕಿ ಹಿಡಿದೆಳೆದೆ. ಬಂತು ನೋಡಿ, ನಿಂಬೆಹಣ್ಣಿನ ಗಾತ್ರದ ಒಂದು ಮುದ್ದೆ. ಕೂದಲು ಅಂದ್ಕೊಂಡೆ. ಬೆಳಕಿಗೆ ಹಿಡಿದ್ರೆ ಕೆಂಪು, ಅರಿಶಿನ, ನಡುವೆ ಎಲೆಹಸಿರು. ಡೀಸೆಲ್‌ನಲ್ಲಿ ನೆಂದಿದ್ರೂ ಮಿನುಗ್ತಿತ್ತು.

ನಂಬೋಕೆ ಮುಂಚೆ ಪರೀಕ್ಷೆ ಆಗಬೇಕಲ್ಲ. ಬಕೆಟ್ಟಿಗೆ ಡೀಸೆಲ್ ಸುರಿದು ಪಂಪ್ ಇಳಿಬಿಟ್ಟು, ಆ ಮುದ್ದೆಯನ್ನ ಮೂಲೆಯಲ್ಲಿ ಹಾಕಿದೆ. ಪಂಪ್ ಚಾಲೂ ಮಾಡಿದೆ. ಮುದ್ದೆ ಸುಮ್ಮನೆ ಕೂತಿತ್ತು. ಬಕೆಟ್ಟನ್ನ ಕಾಲಲ್ಲಿ ಸ್ವಲ್ಪ ಅಲ್ಲಾಡಿಸಿದೆ, ಕಾರು ಓಡುವಾಗ ಡೀಸೆಲ್ ತುಳುಕೋ ಹಾಗೆ. ಮುದ್ದೆ ಎದ್ದು, ತೇಲಿ, ಒಂದು ಸುತ್ತು ಹಾಕಿ, ಸರಕ್ಕನೆ ಜರಡಿಗೆ ಅಂಟಿಕೊಳ್ತು. ಪಂಪಿನ ಸದ್ದು ಬದಲಾಯ್ತು, ಪೈಪಿನ ಧಾರೆ ನೂಲಿನಷ್ಟು ಸಣ್ಣಗಾಯ್ತು. ಬಂದ್ ಮಾಡಿದೆ. ಒಂದೆರಡು ನಿಮಿಷದಲ್ಲಿ ಮುದ್ದೆ ಸಡಿಲವಾಗಿ, ಜರಡಿ ಬಿಟ್ಟು, ತಳಕ್ಕೆ ಇಳಿದು ಕೂತಿತು. ಜರಡಿ ಮತ್ತೆ ಸ್ವಚ್ಛ. ತುಂಬಿದ ಟ್ಯಾಂಕಲ್ಲಿ ಇದು ಅಷ್ಟು ಕುಣಿಯಲ್ಲ, ಡೀಸೆಲ್ ಇಳಿದ ಮೇಲೆ ಕುಣಿಯುತ್ತೆ. ಹೈವೇ ಹತ್ತಿ ಜೋರಾಗಿ ಬಂದ್ರೆ ಬಿ.ಜಿ. ಕೆರೆ ದಾಟೋ ಹೊತ್ತಿಗೆ ಜರಡಿಗೆ ಬಂದು ಕೂರುತ್ತೆ.

ಆಹಾ! ಆ ಗಳಿಗೆಯ ಖುಷಿಯನ್ನ ಹೇಗೆ ಹೇಳಲಿ! ಮೂರು ಸಲ ಅಂಟಿಸಿದೆ, ಮೂರು ಸಲ ಬಿಡಿಸಿದೆ. ಪಕ್ಕದ ಟೈರ್ ಅಂಗಡಿಯ ಸಾಬರನ್ನ ಕರೆದು ತೋರಿಸಿದೆ. “ವಾಹ್ ಉಸ್ತಾದ್” ಅಂದ್ರು. “ನೋಡಲೇ, ನಿನ್ನ ಕಳ್ಳ ಸಿಕ್ಕ!” ಅಂತ ತಿರುಗಿದ್ರೆ, ಡ್ರೈವರ್ ಬಕೆಟ್ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ. ಮುಖದಲ್ಲಿ ರಕ್ತ ಇರಲಿಲ್ಲ.

“ಇದು ಅವ್ವನ ಮಗ್ಗದ್ದು ಮೇಸ್ತ್ರಿ,” ಅಂದ. “ರೇಷ್ಮೆ.”

ಅವನು ಹೇಳಿದ ಕತೆ ಹೀಗಿತ್ತು. ಅಮ್ಮಾರ ಬಣ್ಣ ಹಾಕೋ ಶೆಡ್ಡಲ್ಲಿ ಜನರೇಟರಿಗೆ ಅಂತ ಒಂದು ಡ್ರಮ್ ಡೀಸೆಲ್ ಇದೆ. ಈಗ ಕರೆಂಟ್ ಅಷ್ಟಾಗಿ ಹೋಗಲ್ಲ, ಡೀಸೆಲ್ ಸುಮ್ಮನೆ ಹಳೇದಾಗ್ತಿತ್ತು. ಹಾಗಾಗಿ ಪ್ರತಿ ಶುಕ್ರವಾರ ಕಾರು ತೊಳೆದು ಪೂಜೆ ಮಾಡಿದ ಮೇಲೆ ಇವನು ಅದರಿಂದ ಒಂದೈದು ಲೀಟರ್ ಕಾರಿಗೆ ಹಾಕ್ತಿದ್ದ. ಹಂಗೇ ಅಲ್ಲ, ಸೋಸಿ. ಮಗ್ಗದಲ್ಲಿ ಹೊಸ ಹಾಸು, ಅಂದ್ರೆ ಉದ್ದದ ಎಳೆಗಳನ್ನ, ಏರಿಸಿದಾಗ ಸೀರೆ ಶುರುವಾಗೋ ಮುಂಚಿನ ಒಂದು ಗೇಣು ನೇಯ್ಗೆಯನ್ನ ಕತ್ತರಿಸಿ ತೆಗೀತಾರೆ. ಅವರ ಮನೆಯಲ್ಲಿ ದೇವರ ದೀಪದ ಎಣ್ಣೆಯನ್ನೂ ಅಂಥ ತುಂಡಲ್ಲೇ ಸೋಸೋದು. ರೇಷ್ಮೆಗಿಂತ ಸಣ್ಣ ಜರಡಿ ಯಾವುದಿದೆ? ಆ ತುಂಡನ್ನ ಆಲಿಕೆಯ ಕುತ್ತಿಗೆಯೊಳಗೆ ಚೀಲದ ಹಾಗೆ ತುರುಕಿ ಡೀಸೆಲ್ ಸುರಿಯೋನು. ದೇವರ ಕೆಲಸಕ್ಕೆ ಆದ್ರೂ ಹಳೇ ಬಟ್ಟೆ ನಡೆಯುತ್ತೆ, ಕಾರಿಗೆ ಬೇಡ ಅಂತ ಪ್ರತಿ ವಾರ ಹೊಸ ತುಂಡು!

“ನಿನಗ್ಯಾವನಲೇ ಹೇಳಿದ್ದು, ಬಟ್ಟೇಲಿ ಸೋಸಿ ಹಾಕು ಅಂತ?” ಅಂತ ಕೂಗಿದೆ.

ಅವನು ತಲೆ ಎತ್ತಿ ನನ್ನ ನೋಡಿದ. “ನೀನೇ.”

ಹೋದ ವರ್ಷ ಫಿಲ್ಟರ್‌ನಲ್ಲಿ ತುಕ್ಕು ಸಿಕ್ಕಾಗ ನಾನು ಬೈದ ಬೈಗುಳ ಒಂದೊಂದಾಗಿ ನೆನಪಿಗೆ ಬಂತು. “ಡ್ರಮ್ಮಿನ ಡೀಸೆಲ್ ಹಂಗೇ ಸುರಿತೀಯೇನಲೇ? ಸಣ್ಣ ನೇಯ್ಗೆ ಬಟ್ಟೇಲಿ ಸೋಸಿ ಹಾಕು! ಮೊಳಕಾಲ್ಮೂರಾಗೆ ಬಟ್ಟೆಗೆ ಬರವಾ?” ಇದು ನನ್ನದೇ ಮಾತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಮೂರು ದಿನದಿಂದ ನಾನು ಹುಡುಕ್ತಿದ್ದ ಕಳ್ಳ ನಾನೇ.

ಡ್ರೈವರ್ ಮೆಲ್ಲಗೆ ಹೇಳಿದ: “ಟ್ಯಾಂಕ್‌ನಾಗೆ ಕಸ ಇತ್ತು, ತೆಗೆದೆ ಅಂತ ಹೇಳು ಸಾಕು. ರೇಷ್ಮೆ ಅಂದ್ರೆ ಗೊತ್ತಾಗ್ತೈತೆ. ಮಿರ್ಚಿಗೋಸ್ಕರ ನಾನೇ ಹಾಕಿದೆ ಅಂತಾನೆ ಅಮ್ಮಾರ ಮಗ.”

ನನಗೂ ಅದು ಸುಖ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಕಸ ಅಂದ್ರೆ ಅವನ ಕೆಲಸವೂ ಉಳಿಯುತ್ತೆ, ನನ್ನ ಮರ್ಯಾದೆಯೂ ಉಳಿಯುತ್ತೆ. ಆದ್ರೆ ಕಸ ಹೇಗೆ ಬಂತು ಅಂತ ಆ ಮನೆಯಲ್ಲಿ ಯಾರಾದ್ರೂ ಒಬ್ಬರು ಕೇಳೇ ಕೇಳ್ತಾರೆ, ಕೇಳಿದ್ರೆ ಬೆರಳು ಡ್ರೈವರ್ ಕಡೆಗೇ ತಿರುಗುತ್ತೆ. ಬೈದು ಹೇಳಿದ ಬುದ್ಧಿಗೆ ಬೈದವನೇ ಹೊಣೆ. “ಎಲ್ಲಾ ಹೇಳೋಣ,” ಅಂದೆ. “ಮೊದಲು ನಂದು, ಆಮೇಲೆ ನಿಂದು.”

ಟ್ಯಾಂಕ್ ತೊಳೆದು, ಜರಡಿ, ಫಿಲ್ಟರ್ ಎಲ್ಲ ಹೊಸದು ಹಾಕಿ, ಶನಿವಾರ ಬೆಳಿಗ್ಗೆ ಮೊಳಕಾಲ್ಮೂರಿಗೆ ಹೊರಟ್ವಿ. ಮುದ್ದೆಯನ್ನ ಒಂದು ಗಾಜಿನ ಬಾಟಲಿಗೆ ಹಾಕಿಕೊಂಡಿದ್ದೆ. ಮೊದಲು ಡ್ರೈವರ್ ಮನೆ. ಅವನ ತಾಯಿ ಮಗ್ಗದ ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು ನೇಯ್ತಾ ಇದ್ರು. ಬಾಟಲಿ ನೋಡಿ ಕನ್ನಡಕ ಸರಿಮಾಡಿಕೊಂಡ್ರು, ಎರಡು ಎಳೆ ಹೊರಗೆ ತೆಗೆದು ಬೆರಳಲ್ಲಿ ಹೊಸೆದ್ರು.

“ನಮ್ಮದೇ. ದಸರಾಕ್ಕೆ ಮುಂಚೆ ಏರಿಸಿದ ಹಾಸು,” ಅಂದ್ರು. ಸೋಸಿದ ವಿಷಯ ಕೇಳಿದ ಮೇಲೆ ಅವರಿಗೆ ಬಂದ ಸಿಟ್ಟು ಕಾರಿನ ಬಗ್ಗೆ ಅಲ್ಲ, ಮನೆಮಾತು ತೆಲುಗಲ್ಲೇ ಶುರುವಾಯ್ತು. “ಏಂ ಪನಿ ಚೇಸ್ತಿವಿರಾ ನಾಯನಾ! ಎಂಥ ಕೆಲಸ ಮಾಡಿದ್ಯೋ! ಕತ್ತರಿಸಿದ ಅಂಚು ಎಳೆ ಬಿಡ್ತೈತೆ ಅಂತ ಗೊತ್ತಿಲ್ವೇನೋ? ಸೆರಗಿಗೆ ಕುಚ್ಚು ಕಟ್ಟೋದು ಯಾಕೆ? ಅಂಚು ಮಡಚಿ ಎರಡು ಹೊಲಿಗೆ ಹಾಕಿದ್ರೆ ಒಂದು ಎಳೆನೂ ಬೀಳ್ತಿರಲಿಲ್ಲ. ನೇಕಾರರ ಮನೆಯಾಗೆ ಹುಟ್ಟಿ ನನ್ನ ಮಾನ ಕಳೆದೆ!” ಆಮೇಲೆ ಮಗ್ಗದಿಂದ ಎದ್ದು ಬಂದ್ರು. “ನಡೀರಿ, ನಾನೂ ಬರ್ತೀನಿ. ತುಂಡು ಕೊಟ್ಟೋಳು ನಾನಲ್ವಾ.”

ಅಂಗಡಿಯಲ್ಲಿ ಅಮ್ಮಾರು ಒಬ್ಬರೇ ಸೀರೆ ಮಡಚ್ತಾ ಇದ್ರು. ಮಗ ರಾಯದುರ್ಗಕ್ಕೆ ಹೋಗಿದ್ದ. ಬಾಟಲಿಯನ್ನ ಅವರ ಮುಂದಿಟ್ಟು, “ಅಮ್ಮಾರೇ, ಕಾರು ಕೆಡೋದಕ್ಕೆ ಕಾರಣ ಸಿಕ್ತು. ತಪ್ಪು ನಂದು” ಅಂತ ಶುರು ಮಾಡಿದೆ. ಬುಧವಾರದ ಜಂಬದವನೇ ಈಗ ಕೈ ಕಟ್ಟಿ ನಿಂತು, ನಾನು ಬೈದದ್ದು, ಸೋಸು ಅಂದದ್ದು ಎಲ್ಲ ಹೇಳಿದೆ.

“ಇಲ್ಲ ಅಮ್ಮಾರೇ, ತಪ್ಪು ನಂದು. ತುಂಡು ತುರುಕಿದೋನು ನಾನು,” ಅಂದ ಡ್ರೈವರ್.

“ಅವನಿಗೇನು ಗೊತ್ತಾಗ್ತೈತ್ರವ್ವ, ಅಂಚು ಹೊಲೀದೆ ಕೊಟ್ಟಿದ್ದು ನಾನು” ಅಂದ್ರು ಅವನ ತಾಯಿ.

ಅಮ್ಮಾರು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ್ರು. ಬಾಟಲಿ ಎತ್ತಿ ಬೆಳಕಿಗೆ ಹಿಡಿದ್ರು. ಅವರ ಹೊಟ್ಟೆ ಅಲ್ಲಾಡೋಕೆ ಶುರುವಾಯ್ತು. ಆಮೇಲೆ ಭುಜ. ಕೊನೆಗೆ ಸೆರಗು ಬಾಯಿಗೆ ಹಿಡ್ಕೊಂಡು ನಗೋಕೆ ಹತ್ತಿದ್ರು, ಕಣ್ಣಲ್ಲಿ ನೀರು ಬರೋ ತನಕ ನಕ್ಕರು.

“ಡ್ರಮ್ಮಿನ ಡೀಸೆಲ್ ದಂಡ ಆಗ್ತೈತೆ, ಕಾರಿಗೆ ಹಾಕು ಅಂದೋಳು ಯಾರು? ನಾನಲ್ವೇನ್ರೋ? ಊರ ಜನಕ್ಕೆಲ್ಲ ರೇಷ್ಮೆ ಉಡಿಸಿದೀನಿ, ಕಾರಿಗೆ ತಿನ್ನಿಸ್ತಿದೀನಿ ಅಂತ ಗೊತ್ತೇ ಇರ್ಲಿಲ್ಲ.” ನಗು ನಿಂತ ಮೇಲೆ ಮುಖ ಗಂಭೀರ ಆಯ್ತು. “ಅದಿರ್ಲಿ. ಬುಧವಾರನೂ ಸರಿ ಹೋಯ್ತು ಅಂದಿದ್ದೆ ಮೇಸ್ತ್ರಿ. ಈಗ್ಲೇ ತೆಗೀರಿ ಕಾರು. ತಳಕು ದಾಟ್ಲಿ, ಆಮೇಲೆ ಮಾತು.”

ಡ್ರೈವರ್ ಕೂತ. ನಾನು ಪಕ್ಕದಲ್ಲಿ. ಹಿಂದೆ ಅಮ್ಮಾರು, ಅವರ ಪಕ್ಕದಲ್ಲಿ ಮೊದಲ ಸಲ ಈ ಕಾರು ಹತ್ತಿದ ಡ್ರೈವರ್ ತಾಯಿ, ಎರಡೂ ಕೈಯಲ್ಲಿ ಮುಂದಿನ ಸೀಟು ಹಿಡ್ಕೊಂಡು. ಬೇಕಂತಲೇ ಟ್ಯಾಂಕನ್ನ ಕಾಲು ಭಾಗಕ್ಕೆ ಬಿಟ್ಟಿದ್ದೆ. ಗೇಜ್ ಇನ್ನೂ ವೈಪರಿನಲ್ಲೇ ಇತ್ತು. ಹಾನಗಲ್ ದಾಟಿ ತೊಂಬತ್ತಕ್ಕೆ ಏರಿತು. ಈ ಸಲ ನಾನು ಉಸಿರೆತ್ತಲಿಲ್ಲ. ಬಿ.ಜಿ. ಕೆರೆ ಬಂತು, ಹೋಯ್ತು. ಡ್ರೈವರ್ ಬೆರಳುಗಳು ಸ್ಟಿಯರಿಂಗ್ ಮೇಲೆ ಬಿಳಿಚಿಕೊಂಡಿದ್ವು. ಮುಳ್ಳು ಐದರ ಹತ್ತಿರ ನಿಂತಿತ್ತು. ನೂರಕ್ಕೆ ತಂದ. ಮುಳ್ಳು ಅಲ್ಲಾಡಲಿಲ್ಲ. ದೀಪ ಹತ್ತಲಿಲ್ಲ. ಒಂದು ಲಾರಿಯನ್ನ ಹಿಂದೆ ಹಾಕಿದಾಗ ಆ ನೂರಾ ನಲವತ್ತು ಕುದುರೆಯೂ ಒಟ್ಟಿಗೆ ಎದ್ದು ಹೋದ ಹಾಗಾಯ್ತು. “ಅಮ್ಮೋ!” ಅಂದ್ರು ಅವನ ತಾಯಿ.

ತಳಕು ಬಂತು. ಮಿರ್ಚಿ ಅಂಗಡಿಯವನು ದೂರದಿಂದಲೇ ಬಿಳಿ ಕಾರು ನೋಡಿ ಜಾಲರಿ ಸೌಟು ಕೈಗೆ ತಗೊಂಡ. ನಾವು ಅವನ ಮುಂದೇ ಹಾದುಹೋದ್ವಿ. ಕನ್ನಡಿಯಲ್ಲಿ ನೋಡಿದೆ, ಪಾಪ, ಸೌಟು ಹಿಡ್ಕೊಂಡು ರಸ್ತೆಗೇ ಬಂದು ನಿಂತಿದ್ದ. ಊರು ದಾಟಿತು. ಡ್ರೈವರ್ ಉದ್ದಕ್ಕೆ ಉಸಿರು ಬಿಟ್ಟ.

“ನಿಲ್ಲಿಸೋ!” ಅಂದ್ರು ಅಮ್ಮಾರು.

ಹಿಂದೆ ಏನಾದ್ರೂ ವಾಸನೆ ಬಂತಾ? ಸದ್ದು ಬಂತಾ? ಡ್ರೈವರ್ ಪಕ್ಕಕ್ಕೆ ಹಾಕಿ ಹೆದರಿಕೊಂಡು ತಿರುಗಿ ನೋಡಿದ.

“ಹಿಂದಕ್ಕೆ ತಿರುಗಿಸು. ಇವನು ಹನ್ನೊಂದು ವರ್ಷ ನಾನು ಹೇಳಿದ ಕಡೆಯಲ್ಲೆಲ್ಲ ನಿಲ್ಲಿಸ್ಯಾನೆ, ಆ ಮಿರ್ಚಿ ಒಂದ್ ದಿನಾನೂ ನಾನು ತಿಂದಿಲ್ಲ.”

ನಾಲ್ಕು ಜನಾನೂ ಅಂಗಡಿ ಬೆಂಚಿನ ಮೇಲೆ ಕೂತ್ವಿ. ಬಿಸಿ ಮಿರ್ಚಿ, ಮೇಲೆ ಈರುಳ್ಳಿ, ಪಕ್ಕದಲ್ಲಿ ಒಗ್ಗರಣೆ ಮಂಡಕ್ಕಿ. “ಇವತ್ತೂ ಕೆಡ್ತಾ ಅಣ್ಣ?” ಅಂತ ಕೇಳಿದ ಅಂಗಡಿಯವನು.

“ಕೆಟ್ಟಿಲ್ಲ,” ಅಂದ ಡ್ರೈವರ್, ಎದೆ ಎತ್ತಿ. “ಹಸಿವಾಗೈತೆ, ನಿಂತೀವಿ.”

ಅಷ್ಟರಲ್ಲಿ ಅಮ್ಮಾರ ಫೋನ್ ಹೊಡೆದುಕೊಳ್ತು. ಮಗ. ಎಲ್ಲಿದೀಯಮ್ಮ ಅಂತ ಕೇಳಿದ್ದು ನಮಗೂ ಕೇಳಿಸ್ತು. “ತಳಕ್ನಾಗೆ ನಿಂತೀವಪ್ಪ,” ಅಂದ್ರು ಅಮ್ಮಾರು ಬಾಯಲ್ಲಿ ಮಿರ್ಚಿ ಇಟ್ಕೊಂಡೇ. ಆ ಕಡೆಯಿಂದ ಜೋರಾಗಿ ಏನೇನೋ ಬಂತು, ನೋಡಿದ್ಯಾ ನೋಡಿದ್ಯಾ ಅನ್ನೋದು ಮಾತ್ರ ತಿಳೀತು. ಡ್ರೈವರ್ ಕೈಲಿದ್ದ ಮಿರ್ಚಿ ಬಾಯಿಗೆ ಹೋಗದೆ ನಿಂತಿತು. ಅಮ್ಮಾರು ಎಲ್ಲಾ ಕೇಳಿ, “ಆಯ್ತು, ಮನೆಗೆ ಬಂದು ಹೇಳ್ತೀನಿ” ಅಂತ ಫೋನ್ ಇಟ್ಟರು. ಕೈ ಒರೆಸಿಕೊಂಡ್ರು.

“ಸೋಮವಾರ ಬೆಳಿಗ್ಗೆ ಆರಕ್ಕೆ ಬಂದ್ಬಿಡೋ,” ಅಂದ್ರು ಡ್ರೈವರ್‌ಗೆ. “ಬೆಂಗ್ಳೂರಿಗೆ ಸೀರೆ ತಗಂಡು ಹೋಗ್ಬೇಕು. ಟ್ಯಾಂಕ್ ತುಂಬ್ಸು, ಬಂಕಿನಾಗೇ ತುಂಬ್ಸು.”

ಅವನು ಎದ್ದು ನಿಂತ. “ಸೋಮವಾರ ಕಾರು ನೋಡಾಕೆ ಗಿರಾಕಿ ಬರ್ತಾನಲ್ರವ್ವ?”

“ಬರ್ಲಿ ಬಿಡು. ಕಾರು ಊರಾಗಿದ್ರೆ ತಾನೆ ನೋಡೋದು?”

ಡ್ರೈವರ್ ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ, ಅಂಗಡಿಯವನ ಕಡೆ ತಿರುಗಿ ಇನ್ನೂ ನಾಲ್ಕು ಪ್ಲೇಟ್ ಹಾಕಣ್ಣ ಅಂದ.